ಬ್ಯಾಟರಿ ಕೆಳಗಿನ ಎರಡು ಹನಿ

ಸವಣೂರಿನ ನಮ್ಮ ಓಣಿಯಲ್ಲಿ ಯಾರ ಫೋನು ಕೆಟ್ಟರೂ ಅದು ಎದುರು ಮನೆಯ ಫರ್ಹತಳ ಅಡುಗೆಮನೆಗೆ ಬರುತ್ತದೆ. ಅಂಗಡಿ ಇಲ್ಲ, ಬೋರ್ಡೂ ಇಲ್ಲ. ಒಂದು ಕಡೆ ಸಾರು ಕುದಿಯುತ್ತಿದ್ದರೆ ಇನ್ನೊಂದು ಕಡೆ ಹೇರ್ ಡ್ರೈಯರಿನಿಂದ ಫೋನಿನ ಬೆನ್ನಿಗೆ ಬಿಸಿ ಹಿಡಿದು, ಹಳೆಯ ಎಕ್ಸ್‌ರೇ ಹಾಳೆಯ ಚೂರನ್ನು ಸಂದಿಗೆ ತೂರಿಸಿ ಮುಚ್ಚಳ ಎಬ್ಬಿಸುತ್ತಾಳೆ. ಬ್ಯಾಟರಿ ಬದಲಿಸಿದಾಗೆಲ್ಲ ಅದರ ಕೆಳಗೆ ಒಂದು ಹನಿ ನೇಲ್ ಪಾಲಿಶ್ ಇಡುವುದು ಅವಳ ರೂಢಿ. ಎಷ್ಟು ಸಲ ಬದಲಾಯಿತೆಂದು ಮುಂದೆ ತಿಳಿಯಬೇಕಲ್ಲ. ಮದುವೆ ಮನೆಯವರು ಕೊಡುವ ಆ ಶೀಶೆಗಳನ್ನು ಅವಳು ಉಗುರಿಗೆ ಮುಟ್ಟಿಸುವುದಿಲ್ಲ. ನಮಾಜಿಗೆ ಮುಂಚೆ ಕೈ ತೊಳೆದಾಗ ಉಗುರಿಗೂ ನೀರು ತಾಗಬೇಕು. ಹಾಗಾಗಿ ಬಣ್ಣವೆಲ್ಲ ಫೋನುಗಳ ಪಾಲು.

ಅವಳ ಮುಖ್ಯ ಕೆಲಸ ಬೇರೆ. ಗಂಡಸು ಫೋಟೋಗ್ರಾಫರ್ ಕಾಲಿಡುವಂತಿಲ್ಲದ ಕೋಣೆಯಲ್ಲಿ, ಮದುವೆಯ ಹೆಂಗಸರ ಫೋಟೋ ತೆಗೆಯುವುದು. ಅಲ್ಲಿ ಮದುಮಗಳ ತಲೆ ಮೇಲೆ ಸೆರಗಿರುವುದಿಲ್ಲ, ಅತ್ತೆ-ಸೊಸೆ ಕೂಡಿ ಕುಣಿಯುತ್ತಾರೆ. ಫೋಟೋಗಳನ್ನು ಮದುಮಗಳ ಕೈಗೇ ಕೊಡಬೇಕು, ಕೊಟ್ಟ ಮೇಲೆ ತನ್ನ ಫೋನಿನಿಂದ ಅಳಿಸಬೇಕು. ಈ ಒಂದು ಮಾತಿನ ಮೇಲೆ ಹಾನಗಲ್ಲಿನವರು, ಹಿರೇಕೆರೂರಿನವರು ಕೂಡ ಅವಳನ್ನು ಕರೆಸುತ್ತಾರೆ. ಮಾತು ತಪ್ಪಿದರೆ ಯಾವ ಮನೆಯ ಬಾಗಿಲೂ ಅವಳಿಗೆ ತೆರೆಯುವುದಿಲ್ಲ.

ಹಾನಗಲ್ಲಿನಲ್ಲಿ ದಿಲ್ಶಾದ ಎಂಬ ಹುಡುಗಿಯ ಮದುವೆಯಲ್ಲಿ ಫರ್ಹತಳ ಫೋನು ಕೈಜಾರಿ ಬಿತ್ತು. ಟಚ್ ಅರ್ಧ ಸತ್ತಿತು. ಪದೇ ಪದೇ ಒದ್ದಾಡುವುದು ಬೇಡವೆಂದು, ಒಮ್ಮೆ ಹೇಗೋ ತೆರೆದಾಗ ಲಾಕನ್ನೇ ತೆಗೆದುಹಾಕಿದಳು. ಆ ಮದುವೆಯ ಫೋಟೋ ಇಳಿಸಿಕೊಳ್ಳುವ ಮೊದಲೇ ಪರದೆ ಪೂರ್ತಿ ಕಪ್ಪಾಯಿತು. ಹೊಸ ಡಿಸ್‌ಪ್ಲೇ ತರಿಸಲು ಹೇಳಿ, ಫೋನನ್ನು ಅಡುಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟಿದ್ದಳು.

ಆ ಮಧ್ಯಾಹ್ನ ಓಣಿಗೆ ಜಾಕೀರ ಬಂದ. ಬೈಕಿಗೆ ಸ್ಪೀಕರ್ ಕಟ್ಟಿಕೊಂಡು, ಹಳೇ ಮೊಬೈಲಿಗೆ ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಬುಟ್ಟಿ ಎಂದು ಕೂಗಿಸುತ್ತಾ ತಿರುಗುವವನು. ಫರ್ಹತಳ ಅತ್ತೆ ಇಮಾಮಬಿ ಮಾಡದಲ್ಲಿದ್ದ ಸತ್ತ ಫೋನು ಕೊಟ್ಟು, ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯೊಂದನ್ನು ಇಸಿದುಕೊಂಡಳು. ಒಳ್ಳೆ ವ್ಯಾಪಾರ ಮಾಡಿದೆನೆಂದು ನನ್ನನ್ನೂ ಕರೆದು ತೋರಿಸಿದಳು. ನಾನೂ ಹೊಗಳಿದೆ. ಆಗಲೇ ಫರ್ಹತ ಬಂದು ಮಾಡದಲ್ಲಿ ಕೈಯಾಡಿಸಿದಳು, ಆಮೇಲೆ ಡಬ್ಬಿ ನೋಡಿದಳು.

"ರಂಜನಕ್ಕಾ, ನಿಮ್ಮ ಸ್ಕೂಟಿ ತಗೀರಿ," ಎಂದಳು. "ಅದರಾಗ ಮಂದಿ ಮಾನ ಐತಿ."

ಜಾಕೀರ ಊರು ಬಿಟ್ಟಾಗಿತ್ತು. ಮಾಲನ್ನೆಲ್ಲ ಶಿಗ್ಗಾಂವ ಬಸ್ ಸ್ಟ್ಯಾಂಡಿನ ಹಿಂದಿರುವ ಚನ್ನೇಶನ ಅಂಗಡಿಗೆ ಸುರಿಯುತ್ತಾನೆಂದು ಪಾನಂಗಡಿಯವನು ಹೇಳಿದ. ನಾನು ಸ್ಕೂಟಿಯನ್ನು ಹಾಗೆ ಓಡಿಸಿದ್ದು ಜನ್ಮದಲ್ಲಿ ಅದೇ ಮೊದಲು. ಹಿಂದೆ ಕೂತ ಫರ್ಹತ ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡಿದ್ದಳು. ಧೈರ್ಯ ಹೇಳೋಣವೆಂದು ನಾನು ಏನೇನೋ ಮಾತಾಡಿದೆ.

ಅಂಗಡಿಯಲ್ಲಿ ಚನ್ನೇಶ ಒಂದು ಹಳೇ ಫೋನಿಗೆ ಡಿಸ್‌ಪ್ಲೇ ಹಾಕಿ ಪರೀಕ್ಷೆ ಮಾಡುತ್ತಿದ್ದ. ಬೆರಳಲ್ಲಿ ಸರಸರನೆ ಯಾರದೋ ಮನೆಯ ಫೋಟೋ ಸರಿಸುತ್ತಿದ್ದ. ನೈಟಿಯಲ್ಲಿ ನಲ್ಲಿ ಮುಂದೆ ನಿಂತು ನಗುತ್ತಿದ್ದ ಹೆಂಗಸು, ಬಚ್ಚಲಲ್ಲಿ ಕೂತ ಕೂಸು. ಟಚ್ ಸರಿಯಾಗಿದೆ ಎಂದು ಗೊಣಗಿ ಫೋನನ್ನು ಹಾಗೇ ಮೇಜಿನ ಮೇಲಿಟ್ಟ. ಕಾಯುತ್ತಿದ್ದ ಇಬ್ಬರು ಗಿರಾಕಿಗಳು ಬಗ್ಗಿ ನೋಡುತ್ತಲೇ ಇದ್ದರು. ನನಗೆ ಮೈಯೆಲ್ಲ ಉರಿಯಿತು.

ಜಾಕೀರನ ಚೀಲ ಆಗಲೇ ನೆಲಕ್ಕೆ ಬಿದ್ದಿತ್ತು. ಅದರಲ್ಲಿ ಒಂದೇ ಮಾದರಿಯ ಕಪ್ಪು ಫೋನುಗಳು ಎಷ್ಟೋ ಇದ್ದವು. ಯಾವುದು ಯಾರದೆಂದು ಅಲ್ಲೇ ನಿಂತಿದ್ದ ಜಾಕೀರನಿಗೇ ಗೊತ್ತಿರಲಿಲ್ಲ. ಫರ್ಹತ ಮೂಲೆ ಒಡೆದದ್ದೊಂದನ್ನು ಹೆಕ್ಕಿ, ಇದೇ ನನ್ನದು, ಡಬ್ಬಿ ತಂದಿದ್ದೇನೆ, ವಾಪಸ್ಸು ಕೊಡಿ ಎಂದಳು. ಚನ್ನೇಶ ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡ.

"ತಪ್ಪು ತಿಳ್ಕೋಬ್ಯಾಡ್ರಿ. ಹಿಂದ ಒಬ್ರು ಅಳಕೋಂತ ಬಂದು ಬ್ಯಾರೇವ್ರ ಫೋನ್ ಒಯ್ದ್ರು, ಸ್ಟೇಷನ್ನಿಗೆ ಅಡ್ಡಾಡಿದಾವ ನಾನು. ಚಾಲೂ ಮಾಡ್ತೇನಿ. ಒಳಗ ನಿಮ್ಮ ಫೋಟೋ ಇದ್ರ ತೋರ್ಸಿ ಒಯ್ರಿ."

ಮನುಷ್ಯ ಕೆಟ್ಟವನಲ್ಲ, ಮಾತಿನಲ್ಲೂ ನ್ಯಾಯವಿತ್ತು. ನ್ಯಾಯವಾದ ಮಾತಿನಿಂದಲೇ ನಾವು ಸಿಕ್ಕಿಬಿದ್ದೆವು. ಒಳಗಿರುವುದು ಹೆಂಗಸರ ಫೋಟೋ ಎಂದು ಬಾಯಿಬಿಟ್ಟರೆ ಆ ಗಿರಾಕಿಗಳು ಇನ್ನೂ ಹತ್ತಿರ ಬರುತ್ತಾರೆ. ಸುಮ್ಮನಿದ್ದರೆ ಫೋನು ತಾನೇ ಎಲ್ಲ ಹೇಳುತ್ತದೆ, ಲಾಕ್ ಇಲ್ಲ. ಅಷ್ಟರಲ್ಲಿ ಚನ್ನೇಶ ಬೆನ್ನು ಬಿಚ್ಚಿ ಡಿಸ್‌ಪ್ಲೇ ಸಿಗಿಸಿ, ಚಾರ್ಜರ್ ಚುಚ್ಚಿಬಿಟ್ಟಿದ್ದ. ಫೋನು ಗುರ್ ಎಂದು ನಡುಗಿತು. ಪರದೆ ಮೇಲೆ ಬೆಳಕು ಬಂತು.

ಫರ್ಹತ ಅಂಗೈಯನ್ನು ಪರದೆ ಮೇಲೆ ಒತ್ತಿಬಿಟ್ಟಳು.

ನಿಮ್ಮದೇ ಆದರೆ ಅಂಜಿಕೆ ಯಾಕೆ ಎಂದು ಒಬ್ಬ ಗಿರಾಕಿ ನಕ್ಕ. ಚನ್ನೇಶನ ಮುಖದಲ್ಲೂ ಸಂಶಯ ಮೂಡಿತು, ಕೈ ತೆಗೆಯಲು ಹೇಳಿದ. ಅವಳು ತೆಗೆಯಲಿಲ್ಲ. ಬೆರಳ ಸಂದಿಯಿಂದ ಬೆಳಕು ಸೋರುತ್ತಿತ್ತು. ಹಣೆ ಬೆವತು ಬುರ್ಖಾದ ಅಂಚು ತೊಯ್ದಿತ್ತು. ನಾನು ಜಗಳಕ್ಕೆ ಬಾಯಿ ತೆರೆದೆ. ಅವಳು ಇನ್ನೊಂದು ಕೈಯಿಂದ ನನ್ನನ್ನು ತಡೆದು, ತಗ್ಗಿದ ದನಿಯಲ್ಲಿ ಹೇಳಿದಳು:

"ಬ್ಯಾಟರಿ ಕೀಳ್ರಿ. ಅದರ ಕೆಳಗ ನೇಲ್ ಪಾಲಿಶಿಂದು ಎರಡು ಹನಿ ಅದಾವು. ಒಂದು ಕೆಂಪು, ಒಂದು ಗುಲಾಬಿ. ಇಲ್ಲಂದ್ರ ನಾ ಬರೇ ಕೈಲೆ ಹೋಗ್ತೇನಿ."

ಚನ್ನೇಶ ಅವಳನ್ನೂ ಫೋನನ್ನೂ ನೋಡಿದ. ಕೈ ಅಲ್ಲೇ ಇರಲೆಂದು ಸನ್ನೆ ಮಾಡಿ ಚಾರ್ಜರ್ ಕಿತ್ತ, ಬ್ಯಾಟರಿಯ ತಂತಿ ಬಿಡಿಸಿದ. ಬೆರಳ ಸಂದಿಯ ಬೆಳಕು ಆರಿತು. ಅಂಟಿಕೊಂಡಿದ್ದ ಬ್ಯಾಟರಿಯನ್ನು ಎಬ್ಬಿಸಲು ಅವನಿಗೆ ಹೊತ್ತು ಹಿಡಿಯಿತು. ಕೆಳಗೆ ಎರಡು ಹನಿ ಇದ್ದವು. ಒಂದು ಕೆಂಪು, ಒಂದು ಗುಲಾಬಿ.

ಅವನು ಬಿಡಿಭಾಗಗಳನ್ನೆಲ್ಲ ಒಂದು ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟ. ಡಬ್ಬಿಯೂ ನಿಮಗೇ ಇರಲಿ, ತೊಂದರೆ ಕೊಟ್ಟೆ ಎಂದ. ಒಳಗಿರುವುದನ್ನು ನಾವು ನೋಡುವುದಿಲ್ಲ, ಡಿಸ್‌ಪ್ಲೇ ಅಷ್ಟೇ ನೋಡುವುದು ಎಂದೂ ಸೇರಿಸಿದ. ನನಗೆ ಆಗಲೇ ಅಲ್ಲಿಂದ ಓಡಿಬಿಡುವಷ್ಟು ಸಂತೋಷವಾಗಿತ್ತು. ಫರ್ಹತ ಕದಲಲಿಲ್ಲ. ಮೇಜಿನ ಮೇಲೆ ಆ ಇನ್ನೊಂದು ಫೋನು ಇನ್ನೂ ಹೊಳೆಯುತ್ತಿತ್ತು, ನೈಟಿಯ ಹೆಂಗಸು ಇನ್ನೂ ನಗುತ್ತಿದ್ದಳು. ಫರ್ಹತ ಅದನ್ನು ಬೋರಲು ಹಾಕಿದಳು. ಆಮೇಲೆ ಡಬ್ಬಿಯನ್ನು ಚನ್ನೇಶನ ಕಡೆ ತಳ್ಳಿದಳು.

"ಹಂಗಾರ ಈ ಡಬ್ಬಿಗೆ ಇದನ್ನ ಕೊಡ್ರಿ."

ಮನೆಗೆ ಬಂದಾಗ ಇಮಾಮಬಿ ಹೊಸಿಲಲ್ಲೇ ಕೂತಿದ್ದಳು. ಅತ್ತು ಕಣ್ಣು ಊದಿದ್ದವು. ಕಾಗದದ ಪೊಟ್ಟಣ ನೋಡಿ ದೇವರಿಗೆ ಕೈಯೆತ್ತಿದಳು. ಫರ್ಹತ ಡಬ್ಬಿ ಕೊಟ್ಟು ತಂದ ಇನ್ನೊಂದು ಫೋನನ್ನು ಹಿಡಿದು, ಒಂದು ಫೋಟೋವನ್ನೂ ತೆರೆಯದೆ, ಎಲ್ಲವನ್ನೂ ಅಳಿಸಲು ಕೂತಳು. ಇದು ಯಾರದು ಎಂದು ಇಮಾಮಬಿ ಕೇಳಿದಳು.

"ಗೊತ್ತಿಲ್ಲ, ಅಮ್ಮಿ," ಎಂದಳು ಫರ್ಹತ. "ಆಕಿಗೂ ಗೊತ್ತಿಲ್ಲ."