ಗೌರಿಯ ಮೊದಲ ಮಾತು

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಸುಂಟಿಕೊಪ್ಪದ ಸುತ್ತಿನ ತೋಟಗಳಲ್ಲಿ ಮಕ್ಕಳಿಗೆ ಸಿಡುಬಿನ ದಾಕು ಹಾಕುವುದು ನನ್ನ ಕೆಲಸ. ಒಂದು ತೋಟದಲ್ಲಿ ಲೆಕ್ಕ ಬರೆಯುವ ರೈಟರ ಹೆಂಡತಿ ಗಂಗಮ್ಮ ಮಗಳಿಗೆ ದಾಕು ಹಾಕಿಸಿದ ಮೇಲೂ ಹೊರಡದೆ ನಿಂತರು.

"ಗೌರಿಗೆ ಮೂರು ತುಂಬಿತು ಸಿಸ್ಟರೇ, ಇನ್ನೂ ಒಂದು ಮಾತಿಲ್ಲ. ಮೂಗಿ ಅಂತ ಅತ್ತೆ ಹೇಳಿಬಿಟ್ಟರು."

ನಾನು ಮಗುವಿನ ಹಿಂದೆ ನಿಂತು ಮೆಲ್ಲಗೆ ಚಪ್ಪಾಳೆ ತಟ್ಟಿದೆ. ಅದು ತಟ್ಟನೆ ತಿರುಗಿತು.

"ಕಿವಿ ಕೇಳುತ್ತದಲ್ಲ. ಕೆಲವು ಮಕ್ಕಳು ನಿಧಾನ. ನೀವು ಮಾತಾಡಿಸುತ್ತಲೇ ಇರಿ" ಎಂದೆ. ಹೇಳಿದೆನೇ ಹೊರತು ನನಗೂ ಒಳಗೊಳಗೇ ಅಳುಕಿತ್ತು.

ಮಳೆಗಾಲ ಕಳೆದು ಮತ್ತೆ ಹೋದೆ. ನನ್ನ ಚೀಲ ಕಂಡದ್ದೇ ಗೌರಿ ತಾಯಿಯ ಸೆರಗಿನಲ್ಲಿ ಅವಿತು ಕಿರುಚಿದಳು: "ಪೋ! ಪೋ!" ಕೂಲಿ ಲೈನಿನ ಮಕ್ಕಳು ನಾಯಿ ಅಟ್ಟುವಾಗ 'ಹೋಗು' ಎಂದು ಕೂಗುವ ಮಾತು.

ಗಂಗಮ್ಮ ಅಲ್ಲೇ ಕುಸಿದು ಕೂತು ಮಗಳನ್ನು ತಬ್ಬಿಕೊಂಡು ಅತ್ತರು. ಗದ್ದಲಕ್ಕೆ ಅತ್ತೆ ಓಡಿ ಬಂದರು, ನಂಬಲಿಲ್ಲ.

"ಇನ್ನೊಂದು ಸಲ ಹೇಳಿಸಿ ನೋಡುವ, ಸಿಸ್ಟರೇ."

ನಾನು ಚೀಲ ಹಿಡಿದು ಮತ್ತೆ ಹತ್ತಿರ ಹೋದೆ. "ಪೋ!"

ಅತ್ತೆ ಕಣ್ಣೊರೆಸಿಕೊಂಡು ಒಳಗಿಂದ ಕಾಫಿ ತಂದರು. ಹೊರಗೆ ಅಟ್ಟಿಸಿಕೊಂಡವಳಿಗೆ ಅಷ್ಟು ಉಪಚಾರ ಬೇರೆಲ್ಲೂ ನಡೆದಿರಲಿಕ್ಕಿಲ್ಲ.