ಕುದಿಯುವ ಗಂಜಿಗೆ ಹಾಕಿದ ಪುಡಿ

ಅಣ್ಣಾ ನಗರದ ನಮ್ಮ ಮನೆಯ ಹಾಲ್‌ನಲ್ಲಿ ಆ ಸಂಜೆ ನಾಲ್ವರಿದ್ದೆವು. ದಿವಾನದ ಮೇಲೆ ಮಾವ, ಅವರ ಕಾಲ ಬಳಿ ನನ್ನ ಗಂಡ, ಅಡುಗೆಮನೆಯ ಬಾಗಿಲಿಗೆ ಒರಗಿ ನಾನು, ಎದುರಿನ ಕುರ್ಚಿಯಲ್ಲಿ ಕೆಳಮನೆಯ ಡಾಕ್ಟರಮ್ಮ. ತಮಿಳಿನವರು, ಆದರೆ ಮಾವನ ಕೈಯ ನೀರುದೋಸೆ ತಿಂದು ತಿಂದು ಅವರಿಗೂ ಅರ್ಧ ಕನ್ನಡ ಬಂದುಬಿಟ್ಟಿತ್ತು.

ಎದೆಯ ಸೋಂಕಿಗೆ ಕೊಟ್ಟ ಆಂಟಿಬಯಾಟಿಕ್ ಮಾವನ ಕೆಮ್ಮನ್ನು ನಿಲ್ಲಿಸಿತ್ತು, ಆದರೆ ಬೆನ್ನಿಗೇ ಭೇದಿ ಹಿಡಿದಿತ್ತು. ಡಾಕ್ಟರಮ್ಮ ನೀರಿಗೆ ಬೆರೆಸುವ ಉಪ್ಪು-ಸಕ್ಕರೆಯ ಪೊಟ್ಟಣಗಳ ಜೊತೆಗೆ ಇನ್ನೊಂದು ಪುಡಿಯನ್ನೂ ಬರೆದುಕೊಟ್ಟಿದ್ದರು. ಎರಡು ದಿನವಾದರೂ ಗುಣ ಕಾಣಲಿಲ್ಲ. ಮಾವನ ಕಣ್ಣು ಒಳಗೆ ಹೋಗಿತ್ತು, ನಾಲಿಗೆ ಒಣಗಿತ್ತು.

"ನಾಳೆ ಬೆಳಿಗ್ಗೆ ಬಂದು ನೋಡ್ತೇನೆ. ಹೀಗೇ ಇದ್ರೆ ಅಡ್ಮಿಟ್ ಮಾಡಲೇಬೇಕು ತಾತಾ," ಅಂದರು ಅವರು.

ಮಾವ ಗೋಡೆಯ ಕಡೆ ತಿರುಗಿದರು. ಅತ್ತೆ ಬರಿಯ ಜ್ವರವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಅಂದಿನಿಂದ ಮಾವನಿಗೆ ಆಸ್ಪತ್ರೆಯ ಮಾತೇ ಆಗದು.

"ನಾನು ಬರುದಿಲ್ಲ. ಎಂತ ಆಗ್ಲಿಕ್ಕುಂಟೋ ಇಲ್ಲೇ ಆಗ್ಲಿ," ಅಂದರು.

"ಅಪ್ಪಾ, ಹಟ ಮಾಡ್ಬೇಡಿ," ಅಂದ ಗಂಡ.

ಡಾಕ್ಟರಮ್ಮನಿಗೆ ಏನು ತೋಚಿತೋ, "ಆ ಪುಡಿ ಹೇಗೆ ಕೊಡ್ತಿದ್ದೀರಿ?" ಎಂದು ನನ್ನನ್ನು ಕೇಳಿದರು. ನಾನು ಮಾವನನ್ನು ನೋಡಿದೆ. ಪುಡಿಯ ಉಸ್ತುವಾರಿಯನ್ನು ಅವರೇ ವಹಿಸಿಕೊಂಡಿದ್ದರು. ಜೀವಮಾನವೆಲ್ಲ ಹೋಟೆಲಿನ ಒಲೆಯ ಮುಂದೆ ನಿಂತ ಮನುಷ್ಯ. ಹಬೆ ಏಳದ ಪದಾರ್ಥ ಅವರ ಲೆಕ್ಕದಲ್ಲಿ ಊಟವೇ ಅಲ್ಲ.

"ಕೊತಕೊತ ಕುದಿಯುವ ಗಂಜಿಗೆ ಹಾಕಿ, ಚೆನ್ನಾಗಿ ಕದಡಿ ಕುಡಿದೆ. ತಣ್ಣಗಿನದ್ದರಲ್ಲಿ ಮದ್ದು ಯಾರಾದ್ರೂ ತಕೊಳ್ತಾರಾ?" ಅಂದರು ಮಾವ, ಸ್ವಲ್ಪ ಜಂಬದಿಂದಲೇ.

"ಅಯ್ಯೋ ತಾತಾ! ಸೂಡಾ ಕುಡುಕ್ಕಕೂಡಾದು!" ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ಬಿಸಿಯಾಗಿ ಕೊಡಲೇಬಾರದು. ಅದು ಜೀವ ಇರೋ ಬ್ಯಾಕ್ಟೀರಿಯಾ. ಬಿಸಿಗೆ ಸತ್ತೇ ಹೋಗ್ತವೆ."

"ಹೊಟ್ಟೆ ಕೆಟ್ಟವನಿಗೆ ಇನ್ನೂ ಹುಳ ಕೊಡುವುದಾ? ಎಂತ ಮದ್ದು ಮಾರಾಯ್ತಿ ಇದು!"

ಆಗ ಅವರು ಬಿಡಿಸಿ ಹೇಳಿದರು. ಕರುಳಿನ ಒಳಗೋಡೆಗೆ ತೆಳುವಾದ ಒಂದು ಪೊರೆಯುಂಟು. ಒಳ್ಳೆಯ ಬ್ಯಾಕ್ಟೀರಿಯಾ ಅಲ್ಲಿ ಮೊದಲೇ ನೆಲೆ ಹಿಡಿದಿರುತ್ತವೆ. ಬಸ್ಸಿನ ಕಿಟಕಿಯೊಳಗೆ ಟವಲು ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ರೋಗ ತರುವವು ಬಂದರೆ ಅವಕ್ಕೆ ಕೂರಲು ಜಾಗವಿಲ್ಲ. ಇವು ಹುಳಿಯನ್ನೂ ಬಿಡುತ್ತವೆ, ಅದು ಆ ದುಷ್ಟರಿಗೆ ಹಿಡಿಸದು. ಪೊರೆಯ ಜೀವಕೋಶಗಳ ನಡುವೆ ಸಂದು ಬೀಳದಂತೆ ಕಾಯುವುದಕ್ಕೂ ನೆರವಾಗುತ್ತವೆ. ಆಂಟಿಬಯಾಟಿಕ್ ಕೆಟ್ಟವನ್ನು ಹೊಡೆಯುವಾಗ ಇವನ್ನೂ ಹೊಡೆದಿತ್ತು. ಖಾಲಿ ಸೀಟು ತುಂಬಲೆಂದು ಈ ಪುಡಿ. "ಎಲ್ಲರಿಗೂ ಒಂದೇ ಥರ ಕೆಲಸ ಮಾಡೋದಿಲ್ಲ," ಎಂದೂ ಸೇರಿಸಿದರು.

ಮಾವನ ಮುಖದಲ್ಲಿ ಇನ್ನೂ ಅನುಮಾನ. ನಾನು ಸುಮ್ಮನಿರಲಾರದೆ ಕೇಳಿದೆ:

"ಕುದಿಯುವ ಹಾಲಿಗೆ ಹೆಪ್ಪು ಹಾಕ್ತೀರಾ ಮಾವ?"

ಅವರು ತಟ್ಟನೆ ನನ್ನ ಕಡೆ ನೋಡಿದರು. ಹೋಟೆಲಿನಲ್ಲಿ ಹಾಲು ಉಗುರುಬೆಚ್ಚಗಾಗುವ ಮೊದಲು ಹೆಪ್ಪಿನ ಪಾತ್ರೆ ಮುಟ್ಟಿದ ಹುಡುಗರಿಗೆ ಅವರು ಬೈದ ಬೈಗುಳ ಬೀದಿಗೆಲ್ಲ ಕೇಳುತ್ತಿತ್ತಂತೆ.

"ಛೇ! ಅಷ್ಟೂ ಜೀವವನ್ನು ನಾನೇ ಬೇಯಿಸಿ ಕುಡಿದೆನಾ?"

ಗಂಡ ಮೊದಲು ನಕ್ಕ. ಆಮೇಲೆ ಡಾಕ್ಟರಮ್ಮ. ಕೊನೆಗೆ ಮಾವನೂ, ಹೊಟ್ಟೆ ಹಿಡಿದುಕೊಂಡು, "ನಗಿಸ್ಬೇಡಿ ಮಾರಾಯ್ರೇ, ಎದ್ದು ಓಡ್ಬೇಕಾಗ್ತದೆ," ಅಂದರು.

ಆಗಲೇ ಆ ಪುಡಿಯ ಒಂದು ಪೊಟ್ಟಣವನ್ನು ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ ಕೊಟ್ಟೆ. ಮೂಗು ಮುರಿದು ಕುಡಿದರು. ಉಪ್ಪು-ಸಕ್ಕರೆಯ ನೀರನ್ನು ಗಂಡ ಗುಟುಕು ಗುಟುಕಾಗಿ ಕುಡಿಸುತ್ತಲೇ ಇದ್ದ. ಬೆಳಿಗ್ಗೆ ಡಾಕ್ಟರಮ್ಮ ಬರುವಾಗ ಮಾವ ದಿಂಬಿಗೆ ಒರಗಿ ಕೂತಿದ್ದರು. ನಾಲಿಗೆಯಲ್ಲಿ ತೇವವಿತ್ತು, ಭೇದಿ ಬಹಳ ಇಳಿದಿತ್ತು. ಅದು ಪುಡಿಯಿಂದಲೋ, ನೀರಿನಿಂದಲೋ, ಹೇಗೂ ಇಳಿಯುವುದಿತ್ತೋ, ನಾನು ಹೇಳಲಾರೆ. "ಆಸ್ಪತ್ರೆ ಬೇಡ," ಎಂದು ಡಾಕ್ಟರಮ್ಮ ಅಂದಾಗ ಗಂಡ ಬಾಲ್ಕನಿಗೆ ಹೋಗಿ ಕಣ್ಣು ಒರೆಸಿಕೊಂಡು ಬಂದ.

ಮುಂದಿನ ವಾರ ಮಾವ ಕೋಡಂಬಾಕ್ಕಮ್‌ಗೆ ಹೋಗಿ, ಹಳೆಯ ಸಂಗಡಿಗರೊಬ್ಬರ ಮೊಮ್ಮಗಳ ನಾಮಕರಣದಲ್ಲಿ ಬಾಳೆಲೆಯ ಊಟ ಮಾಡಿ, ಸಾರಿಗೆ ಉಪ್ಪು ಸಾಲದೆಂದು ಅಡುಗೆಯವರಿಗೆ ಹೇಳಿ ಬಂದರು.