ಬೀಟೆಯ ಹಿಡಿ

ಅವರಿಗೆ ಎಡಗಿವಿ ಕೇಳುತ್ತಿರಲಿಲ್ಲ. ಪೊಲೀಸ್ ಇಲಾಖೆಯಲ್ಲಿ ಬಂದೂಕು ರಿಪೇರಿಯ ಕೆಲಸದಲ್ಲಿದ್ದಾಗ, ಪರೀಕ್ಷೆಗೆಂದು ಹಾರಿಸಿದ ಗುಂಡುಗಳ ಸದ್ದಿಗೆ ಹೋದ ಕಿವಿ ಅದು. ಯಾರು ಮಾತಾಡಿದರೂ ಕತ್ತು ಹೊರಳಿಸಿ ಬಲಗಿವಿ ಕೊಡುತ್ತಿದ್ದರು. ಕಿವಿ ನಮ್ಮ ಕಡೆಗೆ ಬಂದರೆ ಮುಖ ಗೋಡೆಯ ಕಡೆಗೆ ಹೋಗುತ್ತಿತ್ತು. ಈ ಮನುಷ್ಯನಿಗೆ ನಮ್ಮ ಮುಖ ನೋಡಲು ಇಷ್ಟವಿಲ್ಲವೇನೋ ಎಂದು ಹೊಸಬರಿಗೆ ಅನ್ನಿಸುತ್ತಿತ್ತು.

ಚನ್ನರಾಯಪಟ್ಟಣದಲ್ಲಿ ನಮ್ಮ ಪತ್ರಿಕೆಯ ಕಚೇರಿಯಿದ್ದ ಕಟ್ಟಡದ ಕೆಳಗೇ ಅವರ ಅಂಗಡಿ. ನಿವೃತ್ತಿಯ ನಂತರ ಪರವಾನಗಿ ಪಡೆದು ತೆರೆದದ್ದು. ಊರಿಗೆಲ್ಲ ಅವರು ಕೋವಿ ತಾತ, ನನಗೂ ಅಷ್ಟೇ. ಅರಕಲಗೂಡು ಕಡೆಯಿಂದ ಆನೆ ಬೆದರಿಸುವ ಕೋವಿಗಳು ಬರುತ್ತಿದ್ದವು, ಹಳ್ಳಿಮೈಸೂರು ಕಡೆಯಿಂದ ಹಂದಿ ಓಡಿಸುವ ಕೋವಿಗಳು. ಚುನಾವಣೆ ಮುಗಿದ ಮೇಲೆ ಅವರಿಗೆ ಕೈತುಂಬ ಕೆಲಸ. ಲೈಸೆನ್ಸ್ ಇದ್ದವರೆಲ್ಲ ಚುನಾವಣೆಗೆ ಮುಂಚೆ ಠಾಣೆಗೆ ಒಪ್ಪಿಸಿದ ಕೋವಿಗಳು ತುಕ್ಕು ಹಿಡಿದು ವಾಪಸಾಗುತ್ತಿದ್ದವು. "ಜೈಲಿಂದ ಬಂತೇನ್ಲಾ ನಿನ್ ಕೋವಿ?" ಎಂದು ನಗುತ್ತ ಈಸಿಕೊಳ್ಳುತ್ತಿದ್ದರು.

ಈಸಿಕೊಂಡ ತಕ್ಷಣ ಬಿಚ್ಚಿ ನೋಡುವುದು ಅವರ ಅಭ್ಯಾಸ. "ಖಾಲಿ ಐತೆ ತಾತ" ಎಂದರೆ, "ನೀನೇಳ್ದೆ. ಅದೂ ಏಳ್ಲಿ ಇರು" ಎಂದು ಒಳಗೆ ಬೆರಳಿಟ್ಟು ನೋಡಿಯೇ ಮುಂದಿನ ಮಾತು.

ಇನ್ನೊಂದು ಪದ್ಧತಿಯಿತ್ತು. ರಿಪೇರಿಯಾದ ಕೋವಿಯನ್ನು ಒಬ್ಬನೇ ಬಂದ ಗಂಡಸಿನ ಕೈಗೆ ಕೊಡುತ್ತಿರಲಿಲ್ಲ. ಮನೆಯಿಂದ ಹೆಂಡತಿಯೋ ತಾಯಿಯೋ ಜೊತೆಗೆ ಬರಬೇಕು. ಅವರನ್ನು ಬೆಂಚಿನ ಮೇಲೆ ಕೂರಿಸಿ, "ಕೊಡ್ಲೇನವ್ವಾ?" ಎಂದು ಕೇಳಿ, ಅವರು ಹೂಂ ಅಂದರೆ ಕೊಡುತ್ತಿದ್ದರು. ಕಾನೂನಿನಲ್ಲಿ ಇಂಥದ್ದೇನೂ ಇಲ್ಲ. ಕೆಲವರು ರೇಗುತ್ತಿದ್ದರು, "ಲೈಸೆನ್ಸ್ ಯಾರ ಹೆಸರಲ್ಲೈತೆ ತಾತ?"

"ನಿನ್ ಹೆಸರಲ್ಲೇ ಐತೆ ಕಣ್ಲಾ. ಅದಿರೋ ಮನೇಲಿ ಮಲಗೋರು ಇವರು."

ಒಮ್ಮೆ ಹಳ್ಳಿಮೈಸೂರು ಕಡೆಯ ಮುದುಕಿಯೊಬ್ಬಳು ಮಗನ ಮುಂದೆಯೇ, "ಬ್ಯಾಡ ಕಣಪ್ಪೋ. ಕುಡ್ದು ಬಂದ್ರೆ ಇವ್ನಿಗೆ ಹಂದಿ ಯಾವ್ದು, ನಾನ್ಯಾವ್ದು ಗೊತ್ತಾಗಕಿಲ್ಲ" ಎಂದಳು. ತಾತ ಆ ಕೋವಿಯನ್ನು ಠಾಣೆಗೆ ಕಳಿಸಿಬಿಟ್ಟರು. ತಮ್ಮ ಪದ್ಧತಿಯ ಮೇಲೆ ಅವರಿಗೆ ಭರವಸೆ ಗಟ್ಟಿಯಾದದ್ದು ಆಗಲೇ.

ತೆಂಗಿನಕಾಯಿ ಮಂಡಿಯ ವ್ಯಾಪಾರಿಯೊಬ್ಬ ಹೊಸ ಪಿಸ್ತೂಲು ತಂದ. ಕಾರ್ಖಾನೆಯ ಗ್ರೀಸು ಇನ್ನೂ ಹಾಗೇ ಇತ್ತು. ಒಂದು ಗುಂಡೂ ಹಾರಿರಲಿಲ್ಲ. ಆದರೆ ಹಿಡಿಯ ಎರಡೂ ಬದಿಯ ಪ್ಲಾಸ್ಟಿಕ್ ಬಿಲ್ಲೆಗಳು ಸೀಳಿಹೋಗಿದ್ದವು.

"ಕಾರಿಂದ ಕೆಳಕ್ಕೆ ಬಿತ್ತು."

"ಬಿದ್ದಿದ್ರೆ ಕಬ್ಬಿಣಕ್ಕೂ ಗೀರಾಗ್ತಿತ್ತಲ್ಲ ಸಾವ್ಕಾರ್ರೇ. ಇದು ಹಿಡೀಲಿ ಹೊಡೆದಿರೋದು. ಯಾವ್ದಕ್ಕೆ ಹೊಡೆದ್ರಿ?"

"ಕಾಯಿ ಒಡೆದೆ ಅಂದ್ಕೊಳಿ."

"ಮಂಡಿ ಇಟ್ಟಿದ್ದೀರಿ, ಮನೇಲಿ ಒಂದು ಮಚ್ಚಿಲ್ವಾ?"

ವ್ಯಾಪಾರಿ ನಕ್ಕ. ತಾತ ನಗಲಿಲ್ಲ. ಅವನು ಹೋದ ಮೇಲೆ ಪರಿಚಯದ ಪೊಲೀಸರೊಬ್ಬರಿಗೆ ಫೋನು ಮಾಡಿ, ಮನೆಯವರಿಗೆ ಹೊಡೆದಿರಬೇಕು ಎಂಬ ಅನುಮಾನ ಹೇಳಿದರು. "ಯಾರಾದ್ರೂ ದೂರು ಕೊಟ್ಟವ್ರಾ? ಒಡೆದ ಹಿಡಿ ಇಟ್ಕೊಂಡು ಏನಂತ ಕೇಸ್ ಹಾಕ್ಲಿ ತಾತ?" ಎಂಬ ಉತ್ತರ ಬಂತು.

ಆಮೇಲೆ ಕೆಲಸ ಶುರುಮಾಡಿದರು. ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಿಂದ ತೆಗೆದು, ನಳಿಗೆ ಒರೆಸಿ, ತೆಳ್ಳಗೆ ಎಣ್ಣೆ ಹಾಕಿದರು. ಹಳೇ ಮಂಚದ ಬೀಟೆಯ ಕಾಲೊಂದು ಅಟ್ಟದ ಮೇಲಿತ್ತು. ಅದನ್ನು ಸೀಳಿ ಹಿಡಿಗೆ ಎರಡು ಬಿಲ್ಲೆ ಮಾಡಿದರು. ಉಜ್ಜುವರು, ಕೂರಿಸಿ ನೋಡುವರು, ಮತ್ತೆ ಉಜ್ಜುವರು. ವ್ಯಾಪಾರಿ ಫೋನು ಮಾಡಿದಾಗಲೆಲ್ಲ "ಇನ್ನೂ ಕೂತಿಲ್ಲ ಸಾವ್ಕಾರ್ರೇ" ಎನ್ನುತ್ತಿದ್ದರು. ಅದು ಯಾವಾಗಲೋ ಸರಿಯಾಗಿ ಕೂತಿತ್ತು. "ಅವನ ಹೆಂಡ್ತೀನ ಕರ್ಕೊಂಡು ಬರ್ಲಿ, ಕೇಳಾನ" ಎಂದು ನನಗೆ ಹೇಳಿದರು.

ಅವನು ಕರೆದುಕೊಂಡೇ ಬಂದ. ಬಾಗೂರು ಕಡೆಯ ಹೆಣ್ಣುಮಗಳು. ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದಳು. ನಾನು ಅಲ್ಲೇ ಪಕ್ಕದ ಸ್ಟೂಲಿನ ಮೇಲಿದ್ದೆ. ಗಂಡ ಬಾಗಿಲಿಗೆ ಕೈ ಕೊಟ್ಟು ನಿಂತಿದ್ದ.

"ಕೊಡ್ಲೇನವ್ವಾ?"

ಅವಳು ಏನೋ ಅಂದಳು. ಹತ್ತಿರವಿದ್ದ ನನಗೂ ಕೇಳಿಸಲಿಲ್ಲ. ತಾತ ಕತ್ತು ಹೊರಳಿಸಿ ಬಲಗಿವಿ ಕೊಟ್ಟರು. ಮುಖ ಗೋಡೆಯ ಕಡೆಗೆ ಹೋಯಿತು.

"ಕೇಳಿಸ್ಲಿಲ್ಲ ತಾಯಿ. ಜೋರಾಗಿ ಏಳು."

ಅವಳು ಗಂಡನ ಚಪ್ಪಲಿಯನ್ನೇ ನೋಡುತ್ತ, "ಕೊಡಿ" ಎಂದಳು.

"ಇನ್ನೊಂದ್ಸಲ ಏಳುಸ್ಲಾ ತಾತ?" ಎಂದ ಗಂಡ.

ತಾತ ಕೊಟ್ಟರು. ಅವನು ಹಿಡಿದು ನೋಡಿ, "ಮೊದ್ಲಿಗಿಂತ ಚೆನ್ನಾಗಿ ಕೂತದೆ ಕೈಗೆ" ಎಂದು ಹೊಗಳಿಯೇ ಹೋದ.

ಅದೇ ಮಳೆಗಾಲದಲ್ಲಿ ಅವನು ಆ ಪಿಸ್ತೂಲಿನಿಂದ ಅವಳನ್ನು ಕೊಂದ. ಸುದ್ದಿ ಕಳಿಸಿದವನು ನಾನೇ. ಪೊಲೀಸರು ಕೊಟ್ಟ ಚಿತ್ರದಲ್ಲಿ ಪಿಸ್ತೂಲು ಬಿಳಿ ಬಟ್ಟೆಯ ಮೇಲಿತ್ತು, ಬೀಟೆಯ ಹಿಡಿ ಮಿರಿಮಿರಿ ಹೊಳೆಯುತ್ತಿತ್ತು. ಹಾಸನದ ಡೆಸ್ಕಿನವರು ಎಂದಿನಂತೆ ಶೀರ್ಷಿಕೆ ಕೊಟ್ಟರು: ಕೌಟುಂಬಿಕ ಕಲಹ, ಮಹಿಳೆ ಸಾವು.

ತಾತ ಪತ್ರಿಕೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಹಾಗೆ ಮೇಲೆ ಬಂದದ್ದು ಅದೊಂದೇ ಸಲ. "ಕಲಹ ಅಂದ್ರೆ ಇಬ್ರೂ ಆಡ್ಬೇಕು ಕಣಪ್ಪಾ. ಆಯಮ್ಮ ಆಡಿದ್ದು ಒಂದೇ ಮಾತು, ಅದೂ ನಾನು ಆಡ್ಸಿದ್ದು" ಎಂದರು. ಕೂರಿ ಎಂದೆ. ಕೂರಲಿಲ್ಲ.

ಅಂಗಡಿ ಮುಚ್ಚಿತು. ಅವರು ಹೊಳೆನರಸೀಪುರಕ್ಕೆ, ಮಗಳ ಮನೆಗೆ ಹೋದರು. ಒಂದು ಸಲ ನೋಡಲು ಹೋಗಿದ್ದೆ. ಎಣ್ಣೆಯಿಲ್ಲದ ಕೈಗಳು ಬೇರೆ ಯಾರದೋ ಕೈಗಳಂತೆ ಮಡಿಲಲ್ಲಿ ಬಿದ್ದಿದ್ದವು. ಏನೇನೋ ಮಾತಾಡಿದೆ. ಅವರು ನನ್ನ ಕಡೆಗೆ ಎಡಗಿವಿಯನ್ನೇ ಇಟ್ಟುಕೊಂಡು ಕೂತಿದ್ದರು. ನಾನು ಎದ್ದು ಹೊರಟಾಗ ಮಾತ್ರ ಬಾಯಿಬಿಟ್ಟರು.

"ಎಲ್ಲಾ ಕೋವೀನೂ ಬಿಚ್ಚಿ ನೋಡ್ತಿದ್ದೆ. ಆಯಮ್ಮನ್ನ ಅವನ ಎದುರ್ಗೇ ಕೇಳ್ದೆ. ಸಾಲ್ದು ಅಂತ ಎರಡನೇ ಸಲ ಕೂಗ್ಸಿದೆ."

ಮುಂದಿನ ಬೇಸಗೆಯೊಳಗೆ ಹಾಸನದ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ನನ್ನ ಕೆಲಸಕ್ಕೆ ಬೇಕಾದ ಒಂದೇ ಒಂದು ಪಾಠ ನಾನು ಅವರಿಂದ ಕಲಿತದ್ದು. ಯಾವ ಮನೆಗೆ ಹೋದರೂ ಹೆಂಗಸರನ್ನು ಮಾತಾಡಿಸುವ ಮೊದಲು ಗಂಡಸರನ್ನು ಆಚೆ ಕಳಿಸಲು ನೆಪ ಹುಡುಕುತ್ತೇನೆ. ಆಧಾರ್ ಜೆರಾಕ್ಸ್ ಬೇಕು ಎನ್ನುತ್ತೇನೆ, ಬೈಕು ನೆರಳಿಗೆ ನಿಲ್ಲಿಸಿ ಎನ್ನುತ್ತೇನೆ. ಬಹಳ ಸಲ ಅವರು ಹೋಗುವುದಿಲ್ಲ. ಬಾಗಿಲಿಗೆ ಕೈ ಕೊಟ್ಟು ನಿಂತೇ ಇರುತ್ತಾರೆ. "ಏನೂ ಇಲ್ಲ ಸಾ, ಚೆನ್ನಾಗಿವ್ನಿ" ಎಂದು ಒಳಗಿನಿಂದ ಉತ್ತರ ಬರುತ್ತದೆ.

ಅದನ್ನೇ ಬರೆದುಕೊಂಡು ವಾಪಸು ಬರುತ್ತೇನೆ.